ಜಾಕಿನ ಮೇಲಿನ ಮರದ ತುಂಡು

ಸೊಸೆ ಕಾರಿನ ಮೇಲಿನ ಟಾರ್ಪಾಲು ತೆಗೆದ ದಿನ ಮುದುಕ ಬಡಗಿ ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಷೆಡ್ಡಿನ ಎದುರಿನ ಮೆಟ್ಟಿಲ ಮೇಲೆ ಕುಳಿತು, ಟಾರ್ಪಾಲಿನ ಮಡಿಕೆಗಳಿಂದ ಧೂಳು ಉದುರುವುದನ್ನೇ ನೋಡುತ್ತಿದ್ದ. ಮಗ ಸತ್ತ ಮೇಲೆ ಆ ಕಾರನ್ನು ಯಾರೂ ಮುಟ್ಟಿರಲಿಲ್ಲ. ಅವನು ಸತ್ತದ್ದು ಅದರ ಕೆಳಗೇ. ಹೊಗೆಕೊಳವೆಯನ್ನು ಹಿಡಿದಿದ್ದ ಬೋಲ್ಟುಗಳಲ್ಲಿ ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಕೈ ಹಾಕಿದ್ದನಂತೆ. ಆ ಕೆಲಸ ಅಲ್ಲಿಗೇ ನಿಂತಿತ್ತು. ಕೊಳವೆಯ ಒಂದು ತುದಿ ಇನ್ನೂ ನೆಲಕ್ಕೆ ಜೋತುಬಿದ್ದಿತ್ತು.

ಮಗ ಆ ಕಾರನ್ನು ಮುದುಕಿ ಎಂದು ಕರೆಯುತ್ತಿದ್ದ. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮುದುಕಿಗೆ ನೆಗಡಿ, ಹೊಂಡದಲ್ಲಿ ಕಿರುಗುಟ್ಟಿದರೆ ಮುದುಕಿಗೆ ಮಂಡಿನೋವು. ಅವನ ತಾಯಿ ಅಡುಗೆಮನೆಯಿಂದಲೇ, ಯಾವ ಮುದುಕಿಯನ್ನೋ ನೀನು ಅಂತಿರೋದು ಎಂದು ಗದರಿಸುವಳು. ಇಬ್ಬರಲ್ಲಿ ಯಾರು ಮೊದಲು ಉತ್ತರ ಕೊಡುತ್ತಾರೋ ಅವರನ್ನೇ ಎಂದು ಅವನು ನಗುವನು. ಹಿಂದಿನ ಸೀಟು ಕಿತ್ತು ಹಾಕಿದ ಆ ಹಳೆಯ ಗಾಡಿಯಲ್ಲಿ ಮಗ ಸೊಸೆ ಇಬ್ಬರೂ ಲಾಂಡ್ರಿಯಿಂದ ವಸತಿಗೃಹಗಳಿಗೆ ಒಗೆದ ಹಾಸಿಗೆಬಟ್ಟೆಗಳ ಮೂಟೆ ಸಾಗಿಸುತ್ತಿದ್ದರು. ಅದೇ ಮನೆಯ ಅನ್ನವಾಗಿತ್ತು.

ಲಾಂಡ್ರಿಯ ಒಡೆಯ ಒಳ್ಳೆಯವನೇ. ಇಷ್ಟು ದಿನ ಬೇರೆಯವರ ವ್ಯಾನಿನಲ್ಲಿ ಹೇಗೋ ಸಾಗಿಸಿ, ಆ ಕೆಲಸವನ್ನು ಸೊಸೆಯ ಹೆಸರಿನಲ್ಲೇ ಇಟ್ಟಿದ್ದ. ಈಗ ಇನ್ನು ಕಾಯಲಾರೆನೆಂದು ಹೇಳಿ ಕಳಿಸಿದ. ಸೊಸೆ ಬೀದಿಯ ಕೊನೆಯ ಗ್ಯಾರೇಜಿನವನನ್ನು ಕರೆತಂದಳು. ಅವನು ಬಾನೆಟ್ ಎತ್ತಿ, ಮೂಗು ತೂರಿಸಿ, ಇದರ ಸಾಮಾನು ಈಗ ಎಲ್ಲಿಯೂ ಸಿಗುವುದಿಲ್ಲ ಎಂದು ಹೊರಟುಹೋದ. ಮತ್ತೊಬ್ಬ ಬಂದವನು ಸುತ್ತಿ ಬಳಸಿ ಮಾತಾಡಲಿಲ್ಲ. ಆಳು ತಿಂದ ಗಾಡಿಯಮ್ಮ ಇದು, ನನಗೂ ಹೆಂಡತಿ ಮಕ್ಕಳಿದ್ದಾರೆ ಎಂದು ಬಾಗಿಲಲ್ಲೇ ಕೈಮುಗಿದ.

ಅವತ್ತು ಸಂಜೆ ಸೊಸೆ ಒಂದು ಮಾತಿನಲ್ಲಿ ಮುಗಿಸಿದಳು. ಅವರ ಪಕ್ಕದಲ್ಲಿ ಕೂತು ಸ್ಪ್ಯಾನರು ಎತ್ತಿಕೊಡುತ್ತಿದ್ದವಳು ನಾನು, ಯಾವ ಬೋಲ್ಟು ಎಲ್ಲಿದೆ ಎಂದು ನನಗೆ ಗೊತ್ತು, ಉಳಿದ ಕೆಲಸ ನಾನೇ ಕೆಳಗೆ ಹೋಗಿ ಮುಗಿಸುತ್ತೇನೆ ಎಂದಳು.

ಗಾಡಿಯನ್ನು ಗುಜರಿಗೆ ಹಾಕೋಣ, ನಾನು ಮತ್ತೆ ಉಳಿ ಹಿಡಿಯುತ್ತೇನೆ ಎಂದ ಬಡಗಿ. ನಡುಗುವ ಕೈಯನ್ನು ಅವಳಿಗೆ ಕಾಣದಂತೆ ಮಡಿಲಲ್ಲಿ ಬಚ್ಚಿಟ್ಟುಕೊಂಡೇ ಅಂದ. ಅವನ ಹೆಂಡತಿ ತರಕಾರಿ ಹೆಚ್ಚುತ್ತ ಕುಳಿತಿದ್ದಳು. ಅವಳ ನಾಲಿಗೆ ಚೂರಿಗಿಂತ ಹರಿತ. ನಿಮ್ಮ ಕೈಯಲ್ಲಿ ಉಳಿ ಕೊಟ್ಟರೆ ಬೆರಳು ಹುಡುಕೋಕೆ ಇನ್ನೊಬ್ಬರು ಬೇಕು ಎಂದಳು. ಸೊಸೆ ಹೋಗಬಾರದು ಎಂದೂ ಅನ್ನಲಿಲ್ಲ, ಹೋಗಲಿ ಎಂದೂ ಅನ್ನಲಿಲ್ಲ.

ತಡೆಯುವ ದಾರಿ ಕಾಣದೆ ಮುದುಕ ಒಂದು ಷರತ್ತು ಹಾಕಿದ.

"ನೀನು ಹೋಗೋದೇ ಆದರೆ, ಆ ಗಾಡಿಯನ್ನ ಹೊರೋದು ಏನು ಅನ್ನೋದನ್ನ ನಾನು ಆರಿಸ್ತೀನಿ. ನಾನು ಕೈಯಿಟ್ಟು ನೋಡಿ ಒಪ್ಪಿದ್ದೇ ಬರಬೇಕು."

ಸೊಸೆ ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. "ಆಗಲಿ ಮಾವ" ಎಂದು ಎದ್ದು ಹೋದಳು.

ಕಾರನ್ನು ಎತ್ತಿ ನಿಲ್ಲಿಸಿದ್ದ ಜಾಕು ಕೈಕೊಟ್ಟಿತು ಎಂದೇ ಅವನು ಮಗ ಸತ್ತ ದಿನದಿಂದ ನಂಬಿದ್ದ. ಅಕ್ಕಪಕ್ಕದವರು ಸೇರಿ ಕಾರನ್ನು ಎತ್ತಿ ಹಿಡಿದು ಮಗನನ್ನು ಎಳೆದಾಗ, ಗುಂಪಿನಲ್ಲಿ ಯಾರೋ ಹಾಗೆಂದಿದ್ದರು. ಆ ಮಾತು ಅವನ ಮನಸ್ಸಿನಲ್ಲಿ ಮೊಳೆಯಂತೆ ಇಳಿದಿತ್ತು. ಎಲ್ಲ ಮುಗಿದ ಮೇಲೆ ಒಂದು ದಿನ ಅವನು ಒಬ್ಬನೇ ಷೆಡ್ಡಿಗೆ ಹೋಗಿ ಆ ಜಾಕನ್ನು ಎತ್ತಿಕೊಂಡ. ಚೀಲದಲ್ಲಿ ಹಿಡಿಸದೆ ಇದ್ದದ್ದಕ್ಕೆ ಅದರ ತಿರುಪನ್ನು ಸಡಿಲಿಸಿ, ಉದ್ದಕ್ಕೆ ಚಾಚಿದ್ದ ಕತ್ತನ್ನು ಮೊಣಕಾಲಿನಿಂದ ಒತ್ತಿ ಒತ್ತಿ ಇಳಿಸಿದ. ಗುಜರಿಯವನ ರಾಶಿಗೆ ಎಸೆದು, ನಿನ್ನ ವಂಶ ಹಾಳಾಗಲಿ ಎಂದು ಕಬ್ಬಿಣಕ್ಕೆ ಶಾಪ ಹಾಕಿ ಬಂದ. ಜಾಕಿನ ಜೊತೆಗಿದ್ದ ಮರದ ತುಂಡು ಮಾತ್ರ ಕಾಣಲಿಲ್ಲ. ಕೇಳಿದ್ದಕ್ಕೆ ಸೊಸೆ, ಅವತ್ತಿನ ಗದ್ದಲದಲ್ಲಿ ಯಾರು ತೆಗೆದುಕೊಂಡು ಹೋದರೋ ಎಂದಿದ್ದಳು.

ಅದು ಅವನೇ ಮಾಡಿಕೊಟ್ಟ ತುಂಡು. ಬರೀ ಕಬ್ಬಿಣ ತಾಗಿದರೆ ಗಾಡಿಯ ಅಡಿ ನೆಗ್ಗುತ್ತದೆ ಅಪ್ಪಾ, ಜಾಕಿನ ತಲೆಯ ಮೇಲಿಡಲು ಒಂದು ಮರದ ಚೂರು ಇದ್ದರೆ ಕೊಡಿ ಎಂದು ಮಗ ಕೇಳಿದ್ದ. ಚೂರು ಕೇಳಿದರೆ ಚೂರು ಕೊಡುವ ಜಾತಿಯಲ್ಲ ಬಡಗಿ. ಯಾವುದೋ ದೊಡ್ಡ ಮನೆಯ ಬಾಗಿಲು ಮಾಡಿದಾಗ ಉಳಿದ ಗಟ್ಟಿ ಮರವನ್ನು ಅಟ್ಟದಿಂದ ಇಳಿಸಿದ. ಅಂಗೈಗಿಂತ ಸ್ವಲ್ಪ ಅಗಲಕ್ಕೆ ಕೊಯ್ದು, ಕೀಸುಳಿ ಹಿಡಿದು ಮುಖ ಸಮ ಮಾಡಿ, ಅಂಚುಗಳನ್ನು ದುಂಡಗೆ ಮಾಡಿ, ಉಪ್ಪುಕಾಗದದಿಂದ ಉಜ್ಜಿ, ಕೊನೆಗೆ ಮೇಣ ಹಚ್ಚಿ ಬಟ್ಟೆಯಿಂದ ತಿಕ್ಕಿದ. ಮಗ ಚಿಕ್ಕವನಿದ್ದಾಗ ಅಪ್ಪನ ಕೆಲಸದ ಜಾಗದಲ್ಲಿ ಆಡುತ್ತ ಅಂಗೈಗೆ ಸಿಬಿರು ಚುಚ್ಚಿಸಿಕೊಂಡು, ಅದು ಕೀವಾಗಿ, ಜ್ವರ ಬಂದು ಮಲಗಿದ್ದ. ಅಂದಿನಿಂದ ಮಗನ ಕೈಗೆ ಹೋಗುವ ಯಾವ ಮರವನ್ನೂ ಅವನು ಒರಟಾಗಿ ಬಿಟ್ಟವನಲ್ಲ. ಬುಗುರಿಯಿರಲಿ, ಕುರ್ಚಿಯಿರಲಿ, ಕೆನ್ನೆಗೆ ಒತ್ತಿ ನೋಡಿಯೇ ಕೊಡುತ್ತಿದ್ದ. ಈ ತುಂಡನ್ನೂ ಕೆನ್ನೆಗೆ ಒತ್ತಿ ನೋಡಿದ್ದ.

ಮಗ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ, "ಅಪ್ಪಾ, ಇದು ಮುದುಕಿ ಕೆಳಗೆ ಇಡೋದಾ, ಗಾಜಿನ ಕಪಾಟಿನಲ್ಲಿ ಇಡೋದಾ?" ಎಂದು ನಕ್ಕಿದ್ದ. ಆ ನಗು ಅಪ್ಪನಿಗೆ ಕೂಲಿಗಿಂತ ಹೆಚ್ಚಾಗಿತ್ತು.

ಮುದುಕ ದೇವರನ್ನು ನಂಬಿದವನು. ಬೆಳಗಿನ ಜಾವ ಎದ್ದು, ಮುಖ ತೊಳೆದು, ಗೋಡೆಗೆ ಮುಖ ಮಾಡಿ ಕುಳಿತು ಪ್ರಾರ್ಥಿಸದೆ ನೀರು ಕುಡಿದವನಲ್ಲ. ಮಗ ಹೋದ ಮೇಲೂ ಅದನ್ನು ಬಿಡಲಿಲ್ಲ. ಆದರೆ ಮೊದಲು ಅಲ್ಲಿ ಕೃತಜ್ಞತೆಯ ಮಾತು ಇರುತ್ತಿತ್ತು, ಈಗ ಒಂದೇ ಪ್ರಶ್ನೆ ಉಳಿದಿತ್ತು. ನಾನು ಯಾರ ಮನೆ ಮುರಿದಿದ್ದೆ? ಯಾವ ತಪ್ಪಿಗೆ ಇದು? ತೋರಿಸು. ದಿನವೂ ಕೇಳುತ್ತಿದ್ದ. ದೇವರು ಸುಮ್ಮನಿದ್ದ. ಆ ಸುಮ್ಮನಿರುವಿಕೆಯನ್ನು ಮುದುಕ ಒಳಗೊಳಗೇ ಅಪರಾಧವೆಂದು ಎಣಿಸಲು ಶುರುಮಾಡಿದ್ದ. ತಪ್ಪು ತೋರಿಸದೆ ಶಿಕ್ಷೆ ಕೊಡುವವನು ಎಂಥ ಯಜಮಾನ ಎಂದು ಅವನಿಗೆ ಅನ್ನಿಸುತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ಮಾವ ಸೊಸೆ ಬಸ್ಸು ಹತ್ತಿ ವಾಹನದ ಸಾಮಾನಿನ ಅಂಗಡಿಗೆ ಹೋದರು.

ಅಂಗಡಿ ಉದ್ದಕ್ಕೆ ಸುರಂಗದಂತಿತ್ತು. ಬಾಗಿಲಲ್ಲಿ ಟೈರುಗಳ ಗೋಪುರ, ಒಳಗೆ ರಬ್ಬರು ಮತ್ತು ಗ್ರೀಸಿನ ವಾಸನೆ. ಅಂಗಡಿಯವನು ಹೊಟ್ಟೆ ಮುಂದೆ ಬಂದ, ಮಾತು ಅದಕ್ಕಿಂತ ಮುಂದೆ ಬಂದ ಮನುಷ್ಯ. ಗಿರಾಕಿ ಬಾಯಿ ತೆರೆಯುವುದಕ್ಕೆ ಮೊದಲೇ ಅರ್ಧ ವ್ಯಾಪಾರ ಮುಗಿಸುವವನು. ಕಾರು ಎತ್ತುವ ಸಾಮಾನು ಬೇಕೆಂದು ಸೊಸೆ ಹೇಳಿದ್ದೇ ತಡ, ಒಂದಾದಮೇಲೊಂದು ತಂದು ನೆಲದ ಮೇಲೆ ಜೋಡಿಸಿದ. ಗಿಡ್ಡ ಜಾಕು, ಗಾಲಿಯ ಮೇಲೆ ತಳ್ಳುವ ಜಾಕು, ಮೂರು ಕಾಲಿನ ಸ್ಟ್ಯಾಂಡು, ನಾಲ್ಕು ಕಾಲಿನ ಸ್ಟ್ಯಾಂಡು, ಜಾಕಿನ ತಲೆಯ ಮೇಲಿಡುವ ದುಂಡನೆಯ ರಬ್ಬರ್ ಪ್ಯಾಡುಗಳು.

ಬಡಗಿ ಮಂಡಿಯೂರಿ ಕುಳಿತ. ಮರದ ಮಂಡಿಯಲ್ಲಿ ದಿಮ್ಮಿಗಳನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಇದು ಟೊಳ್ಳು ಇದು ಗಟ್ಟಿ ಎಂದು ಆರಿಸಿದವನು ಅವನು. ಅದೇ ರೀತಿ ಒಂದೊಂದನ್ನೂ ತಟ್ಟಿದ, ಅಂಚಿನಲ್ಲಿ ಬೆರಳು ಓಡಿಸಿದ. ಕೊನೆಗೆ ಕನ್ನಡಿಯಂತೆ ಬಣ್ಣ ಹೊಳೆಯುವ, ಬೆಸುಗೆಯ ಗಂಟು ಎಲ್ಲಿಯೂ ಕಾಣದ, ತೆಳುಕಾಲಿನ ಒಂದು ಜೊತೆ ಸ್ಟ್ಯಾಂಡನ್ನು ಮುಂದಕ್ಕೆ ಸರಿಸಿದ. ಕೆಲಸಗಾರನ ಕೈ ಎಂದರೆ ಇದು ಎಂದ.

ಅಂಗಡಿಯವನು ನಕ್ಕ. "ಯಜಮಾನ್ರೇ, ಇದೇನು ಹುಡುಗಿ ನೋಡೋಕೆ ಬಂದಿದ್ದೀರಾ? ಬೆಳ್ಳಗಿರೋದೆಲ್ಲ ಹಾಲಲ್ಲ. ಅದರ ಕಾಲು ನೋಡಿ, ನಿಮ್ಮ ನನ್ನ ಮಣಿಕಟ್ಟಿನಷ್ಟಿಲ್ಲ."

ಆಮೇಲೆ ಅವನು ತನಗೆ ರೂಢಿಯಾದ ಪಾಠವನ್ನು ಒಪ್ಪಿಸಿದ. ಜಾಕು ಇರುವುದು ಎತ್ತುವುದಕ್ಕೆ ಮಾತ್ರ, ಹೊರುವುದಕ್ಕೆ ಅಲ್ಲ. ಎತ್ತಿದ ಮೇಲೆ ಭಾರವನ್ನು ಸ್ಟ್ಯಾಂಡಿನ ಮೇಲೆ ಇಳಿಸಬೇಕು, ಆಮೇಲಷ್ಟೇ ಮನುಷ್ಯ ಕೆಳಗೆ ಹೋಗಬೇಕು. ಪಾದ ಅಗಲವಿರಬೇಕು. ಎತ್ತರ ಹೊಂದಿಸಿದ ಮೇಲೆ ಅಡ್ಡಕ್ಕೆ ಒಂದು ದಪ್ಪ ಪಿನ್ನು ತೂರಿಸುವಂತಿರಬೇಕು, ಸ್ಟ್ಯಾಂಡಿನ ಎತ್ತರ ಹಿಡಿಯುವ ಹಲ್ಲು ಜಾರಿದರೂ ಪಿನ್ನು ಹಿಡಿಯುತ್ತದೆ. ಗಾಡಿಯ ತೂಕಕ್ಕಿಂತ ಸಾಕಷ್ಟು ಹೆಚ್ಚು ತಾಳುವುದನ್ನೇ ಕೊಳ್ಳಬೇಕು. ಅಳಿಯ ತೂಕದವನಾದರೆ ಮಂಚವೂ ತೂಕದ್ದೇ ಬೇಕಲ್ಲವೇ ಎಂದು ತಾನೇ ನಕ್ಕ. ಸೊಸೆ ನಗಲಿಲ್ಲ. ಅವಳು ಸ್ಟ್ಯಾಂಡಿನ ತಲೆಯನ್ನು ನೋಡುತ್ತಿದ್ದಳು. ಗಾಡಿಯ ಚೌಕಟ್ಟು ಕೂರಲೆಂದು ಅದಕ್ಕೆ ಎರಡೂ ಕಡೆ ಕಿವಿಯಂತೆ ಮೇಲೆದ್ದ ಅಂಚಿತ್ತು.

ಮುದುಕ ಪ್ಯಾಡುಗಳ ಕಡೆಗೆ ತಿರುಗಿದ. ಎರಡು ಬಗೆಯವಿದ್ದವು. ಒಂದು ನುಣ್ಣಗೆ, ಕಪ್ಪು ಕಲ್ಲಿನಂತೆ ಮಿರುಗುತ್ತಿತ್ತು. ಇನ್ನೊಂದರ ಮೈತುಂಬ ಗೀರು, ನಡುವೆ ಒಂದು ಕಾಲುವೆ. ಅವನು ನುಣ್ಣಗಿದ್ದುದನ್ನು ಎತ್ತಿಕೊಂಡು, ಮೈಮರೆತು ಕೆನ್ನೆಯ ಹತ್ತಿರಕ್ಕೆ ಒಯ್ದ.

"ಅದು ಬೇಡ ಮಾವ" ಎಂದಳು ಸೊಸೆ. ಆ ಮಾತು ಬೇಗ ಬಂತು. ಅಷ್ಟು ಬೇಗ ಬರಬೇಕಾದ ಮಾತಾಗಿರಲಿಲ್ಲ.

ಅಂಗಡಿಯವನು ಅವಳ ಮಾತನ್ನು ಎತ್ತಿಹಿಡಿದ. ನುಣುಪಿನದು ಅಗ್ಗವೆಂದು ಕೇಳುವವರಿದ್ದಾರೆ, ಅದಕ್ಕೇ ಇಟ್ಟಿದ್ದೇನೆ, ನಮ್ಮ ಮನೆಯವರಿಗಾದರೆ ಕೊಡುವುದಿಲ್ಲ ಎಂದ. ಗಾಡಿಯ ಅಂಚಿನ ತಗಡು ಆ ಕಾಲುವೆಯೊಳಗೆ ಕೂರಬೇಕು, ಆಗ ಅದು ನೆಗ್ಗುವುದೂ ಇಲ್ಲ, ಅತ್ತಿತ್ತ ಹೋಗುವುದೂ ಇಲ್ಲ. ಹೀಗೆ ಹೇಳುತ್ತ, ಮಾತಿಗೆ ಮಾತು ಎಂಬಂತೆ, ನಿಮ್ಮ ಹಳೆಯ ಜಾಕು ಏನಾಯಿತು ಎಂದು ಕೇಳಿದ.

"ಕೈಕೊಟ್ಟಿತು" ಎಂದ ಬಡಗಿ.

"ಕೈಕೊಟ್ಟಿತು ಅಂದರೆ ಹೇಗೆ? ಎಣ್ಣೆ ಸೋರಿ ಕತ್ತು ಕೆಳಗಿಳೀತಾ? ಇಲ್ಲ ಕತ್ತು ಚಾಚಿದ ಹಾಗೇ ಇದ್ದು ಮೇಲಿಂದ ಗಾಡಿ ಜಾರಿತಾ?"

"ಅಣ್ಣಾ, ಆ ನಾಲ್ಕು ಕಾಲಿನ ಸ್ಟ್ಯಾಂಡು ಇನ್ನೊಂದು ಸಲ ತೋರಿಸಿ" ಎಂದಳು ಸೊಸೆ.

ಮುದುಕ ಕೈ ಎತ್ತಿ ಅವಳನ್ನು ತಡೆದ. ಅವನ ಕಣ್ಣ ಮುಂದೆ ಷೆಡ್ಡಿನ ನೆಲ ಬಂದಿತ್ತು. ಅಡ್ಡಬಿದ್ದ ಜಾಕು. ಅದರ ಕತ್ತು ಪೂರ್ತಿ ಚಾಚಿಕೊಂಡೇ ಇತ್ತು. ಅದನ್ನು ಇಳಿಸಲು ತಾನು ತಿರುಪು ಸಡಿಲಿಸಿ, ಮೊಣಕಾಲು ಕೊಟ್ಟು ಒತ್ತಿದ್ದು, ಅದು ಹಟಮಾರಿ ಮಗುವಿನ ಹಾಗೆ ಸ್ವಲ್ಪ ಸ್ವಲ್ಪವೇ ಇಳಿದದ್ದು. ಕೈಕೊಟ್ಟ ಜಾಕಿನ ಕತ್ತು ಹಾಗೆ ನಿಂತಿರುವುದುಂಟೇ? ಅಷ್ಟು ದಿನ ತನ್ನ ಮೊಣಕಾಲಿಗೆ ಗೊತ್ತಿದ್ದ ಸಂಗತಿ ಈಗ ಅವನ ತಲೆಗೆ ಗೊತ್ತಾಯಿತು.

"ಕತ್ತು ಇಳಿದಿರಲಿಲ್ಲ" ಎಂದ ನಿಧಾನವಾಗಿ.

"ಹಾಗಾದರೆ ಜಾರಿದೆ ಬಿಡಿ. ಪಾಪ, ಜಾಕಿನ ಮೇಲೆ ತಪ್ಪು ಹೊರಿಸಿದ್ರಿ. ಅದರ ತಲೆ ಮೇಲೆ ಏನಿಟ್ಟಿದ್ರಿ?"

"ಮರ."

"ಮರ ಕೆಟ್ಟದ್ದಲ್ಲ. ಗರಗಸದಿಂದ ಬಂದ ಹಾಗೇ ಒರಟಾಗಿದ್ದರೆ ಕಚ್ಚಿ ಹಿಡಿಯುತ್ತೆ. ಒರಟು ಮರ ತಾನೆ?"

ಅಂಗಡಿಯ ಆಚೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. ಮುದುಕ ಉತ್ತರ ಕೊಡುವುದರೊಳಗೆ ಆ ಸದ್ದು ನಿಂತು, ಮತ್ತೆ ಶುರುವಾಯಿತು.

"ಇಲ್ಲ. ಉಜ್ಜಿದ್ದು. ಮೇಣ ಹಚ್ಚಿದ್ದು."

ಅಂಗಡಿಯವನು ಹೊಟ್ಟೆ ಕುಲುಕುವಂತೆ ನಕ್ಕ. "ಮೇಣಾನಾ? ಅದು ಜಾರುಬಂಡೆ ಆಯಿತಲ್ಲ ಸ್ವಾಮಿ. ಯಾವ ಪುಣ್ಯಾತ್ಮ ಅದನ್ನ ಮಾಡಿಕೊಟ್ಟಿದ್ದು?"

"ನಾನೇ."

"ಹೋಗಲಿ ಬಿಡಿ. ಯಾರಿಗೂ ಏನೂ ಆಗಲಿಲ್ಲ ತಾನೆ?"

ಅಂಗಡಿಯವನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹಾಗೆಯೇ ಆರಿತು. ಅವನು ಮಾವನನ್ನು ನೋಡಿದ, ಸೊಸೆಯ ಬರಿಗೊರಳನ್ನು ನೋಡಿದ, ಆಮೇಲೆ ನೆಲ ನೋಡಿದ. ಏನೂ ಕೇಳದೆ ಒಳಗೆ ಹೋಗಿ ಹಳೆಯ ಗೋಣಿಚೀಲವನ್ನೂ ಹಗ್ಗವನ್ನೂ ತಂದ.

ಕೊನೆಗೆ ಆರಿಸಿದವಳು ಸೊಸೆ. ಅಗಲ ಪಾದದ, ಬೆಸುಗೆಯ ಗಂಟುಗಳು ಎದ್ದು ಕಾಣುವ, ಬಣ್ಣ ಬಳಿದವನು ಅರ್ಧ ಮನಸ್ಸಿನಿಂದ ಬಳಿದ ಒಂದು ಜೊತೆ ಸ್ಟ್ಯಾಂಡು. ಕಾಲುವೆಯಿರುವ ಒರಟು ಪ್ಯಾಡು. ಒಂದು ಹೊಸ ಜಾಕು. ಚಕ್ರಕ್ಕೆ ಒತ್ತುಕೊಡುವ ನಾಲ್ಕು ತುಂಡುಗಳು. ಒಂದೊಂದನ್ನೂ ಅವಳು ಮಾವನ ಕೈಗೆ ಕೊಟ್ಟು, ಒಪ್ಪಿಗೆಯೇ ಎಂದು ಕೇಳಿದಳು. ಅವನು ಷರತ್ತು ಹಾಕಿದ್ದನಲ್ಲ. ಅವನು ಒಂದೊಂದನ್ನೂ ಹಿಡಿದು, ತಲೆಯಾಡಿಸಿ, ವಾಪಸು ಕೊಟ್ಟ. ಜೀವಮಾನವೆಲ್ಲ ಒಳ್ಳೆಯದೆಂದು ತಿಳಿದದ್ದು ಯಾವುದೂ ಅವುಗಳಲ್ಲಿ ಇರಲಿಲ್ಲ.

ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿತು. ಗೋಣಿಚೀಲ ಇಬ್ಬರ ಕಾಲುಗಳ ನಡುವೆ ಇತ್ತು, ಬಸ್ಸು ಹಳ್ಳ ಹಾರಿದಾಗ ಒಳಗೆ ಕಬ್ಬಿಣ ಕಬ್ಬಿಣಕ್ಕೆ ತಾಗುತ್ತಿತ್ತು. ಮುದುಕ ಕಿಟಕಿಯ ಹೊರಗೆ ನೋಡುತ್ತ ಕೇಳಿದ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾವ."

"ಯಾವತ್ತಿಂದ?"

"ಅವತ್ತಿಂದಲೇ. ತುಂಡು ಗೋಡೆ ಪಕ್ಕದವರೆಗೂ ಹಾರಿ ಬಿದ್ದಿತ್ತು. ಅದರ ಮೈಮೇಲೆ ಒಂದು ಗೀರೂ ಇರಲಿಲ್ಲ. ಕಾರು ಅದನ್ನ ಕಚ್ಚಿರಲೇ ಇಲ್ಲ."

"ಎಲ್ಲಿದೆ?"

"ನನ್ನ ಪೆಟ್ಟಿಗೇಲಿ. ಸುಡೋಣ ಅಂದುಕೊಂಡೆ. ನೀವು ಮಾಡಿದ್ದು, ಅವರು ಕೊನೇಲಿ ಮುಟ್ಟಿದ್ದು. ಕೈ ಬರಲಿಲ್ಲ."

ಅವನು, ನಿನ್ನ ಅತ್ತೆಗೆ ಗೊತ್ತಾ ಎಂದು ಕೇಳಿದ. ಸೊಸೆ ತಲೆಯಾಡಿಸಿದಳು. ಆ ರಾತ್ರಿಯೇ ಅತ್ತೆಗೆ ತೋರಿಸಿದ್ದೆ, ಇದನ್ನು ನಿನ್ನ ಮಾವನ ಕಣ್ಣಿಗೆ ಬೀಳಿಸಬೇಡ ಎಂದು ಅವರೇ ಹೇಳಿದರು ಎಂದಳು.

ಮುದುಕನಿಗೆ ಹೆಂಡತಿಯ ನಾಲಿಗೆ ನೆನಪಾಯಿತು. ಚಪ್ಪಲಿ ಅಡ್ಡ ಬಿಟ್ಟರೆ ಬೈಯುವಳು, ಲೋಟ ತೊಳೆಯದಿದ್ದರೆ ಬೈಯುವಳು, ಕೆಮ್ಮಿದರೆ ಬೈಯುವಳು. ಆಕಾಶದ ಕೆಳಗಿರುವುದಕ್ಕೆಲ್ಲ ಅವನನ್ನು ಹೊಣೆ ಮಾಡುವಳು. ಇಷ್ಟು ದಿನ ಜಗಳದ ಬಿಸಿಯಲ್ಲಿ ಎಷ್ಟು ಸಲ ಆ ಒಂದು ಮಾತು ಅವಳ ಗಂಟಲಿಗೆ ಬಂದು ಹೋಯಿತೋ. ನುಂಗಿಕೊಂಡಳು. ಹೆತ್ತವಳು ನುಂಗಿಕೊಂಡಳು. ಅದಕ್ಕಿಂತ ಅವಳು ಅದನ್ನು ಮುಖಕ್ಕೆ ಉಗುಳಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

"ಅವರು ಸ್ಟ್ಯಾಂಡ್ ಇಡಬೇಕಿತ್ತು ಮಾವ" ಎಂದಳು ಸೊಸೆ. "ತಪ್ಪು ಅವರದ್ದೂ ಇತ್ತು. ಅಪ್ಪ ಮಾಡಿಕೊಟ್ಟಿದ್ದಾರೆ, ಇದು ಬಂಡೆ ಇದ್ದಂಗೆ ಅನ್ನೋರು."

ಸಮಾಧಾನಕ್ಕೆಂದೇ ಅವಳು ಅಂದದ್ದು. ಅದು ಇನ್ನೂ ಚುಚ್ಚುವ ಮಾತೆಂದು ಅಂದ ಮೇಲೆ ಅವಳಿಗೇ ತಿಳಿಯಿತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ಒಬ್ಬ, ಉಂಡವನು ಇನ್ನೊಬ್ಬ.

ಮರುದಿನ ಬೆಳಗಿನ ಜಾವ ಅವನು ರೂಢಿಯಂತೆ ಗೋಡೆಗೆ ಮುಖ ಮಾಡಿ ಕುಳಿತ. ಕಣ್ಣು ಮುಚ್ಚಿದ. ಕೇಳಲು ಏನೂ ಇರಲಿಲ್ಲ. ದಿನವೂ ಕೇಳಿದ ಪ್ರಶ್ನೆಗೆ ಉತ್ತರ ಬಂದಿತ್ತು, ಟೈರು ಮಾರುವ ಅಂಗಡಿಯಲ್ಲಿ, ನಗುವ ಮನುಷ್ಯನ ಬಾಯಿಂದ ಬಂದಿತ್ತು. ಇಷ್ಟು ದಿನ ದೇವರು ಸುಮ್ಮನಿದ್ದದ್ದು ನಿರ್ದಯೆಯಿಂದಲ್ಲ ಎಂದು ಅವನಿಗೆ ಈಗ ತೋರಿತು. ಹೆಂಡತಿಯೂ ಸೊಸೆಯೂ ಸುಮ್ಮನಿದ್ದ ಹಾಗೆಯೇ ದೇವರೂ ಸುಮ್ಮನಿದ್ದ. ಹೀಗೆ ತಿಳಿದರೂ ಮುದುಕನಿಗೆ ನೆಮ್ಮದಿಯಾಗಲಿಲ್ಲ. ಜಗಳವಾಡುವುದಕ್ಕಾದರೂ ಒಬ್ಬನಿದ್ದ, ಈಗ ಅವನೂ ಇಲ್ಲವಾದ. ಕ್ಷಮಿಸು ಎನ್ನಬೇಕೆಂದುಕೊಂಡ. ಆ ಮಾತನ್ನು ಹೇಳಬೇಕಾದವನು ಮಣ್ಣಿನಲ್ಲಿದ್ದ. ಪ್ರಾರ್ಥನೆಯಿಲ್ಲದೆ ಎದ್ದ. ನೀರು ಮಾತ್ರ ಕುಡಿದ.

ಸೊಸೆ ಕೇಳದೆಯೇ ತುಂಡನ್ನು ತಂದು ಅವನ ಪಕ್ಕದಲ್ಲಿಟ್ಟಿದ್ದಳು. ಅದು ಇನ್ನೂ ಹೊಳೆಯುತ್ತಿತ್ತು. ಅವನು ಹಳೆಯ ಪೆಟ್ಟಿಗೆಯಿಂದ ಒರಟು ಅರವನ್ನು ತೆಗೆದು, ತುಂಡನ್ನು ಮಂಡಿಗಳ ನಡುವೆ ಹಿಡಿದು, ಅದರ ಮುಖವನ್ನು ಕೆರೆಯಲು ತೊಡಗಿದ. ಮೇಣ ಎದ್ದಿತು, ಆಮೇಲೆ ಮರದ ಹಿಟ್ಟು ಉದುರಿತು. ಉದ್ದಕ್ಕೂ ಅಡ್ಡಕ್ಕೂ ಗೀರಿದ. ಹೆಂಡತಿ ಬಾಗಿಲಿಗೆ ಬಂದು ನಿಂತಳು.

"ಏನು ಮಾಡ್ತಿದ್ದೀರಿ?"

"ಒರಟು ಮಾಡ್ತಿದ್ದೀನಿ."

ಅವನ ಅಂಗೈಗೆ ಸಿಬಿರು ಚುಚ್ಚಿ ರಕ್ತ ಬರುತ್ತಿರುವುದನ್ನು ಕಂಡರೂ ಅವಳು ಬೈಯಲಿಲ್ಲ. ಅವಳು ಬೈಯದೆ ಒಳಗೆ ಹೋದಾಗ ಮುದುಕನ ಕೈ ನಿಂತಿತು. ಒರಟಾದ ತುಂಡನ್ನು ನೆಲದ ಮೇಲಿಟ್ಟು ನೋಡಿದ. ಅದು ಬೇರೆ ಯಾರೋ, ಕೆಲಸ ಬಾರದವನು, ಮಾಡಿದ ಹಾಗಿತ್ತು. ಹೀಗೆ ಇರಬೇಕಾಗಿತ್ತು ಅದು.

ಬಿಸಿಲು ಷೆಡ್ಡಿನ ಬಾಗಿಲಿಗೆ ಬಂದ ಮೇಲೆ ಸೊಸೆ ಕೆಲಸಕ್ಕೆ ನಿಂತಳು. ಗಂಡನ ಹಳೆಯ ಅಂಗಿ ಹಾಕಿಕೊಂಡು, ತಲೆಗೆ ಬಟ್ಟೆ ಕಟ್ಟಿದ್ದಳು. ನೆಲ ಸಮವಾಗಿದೆಯೇ ಎಂದು ನೋಡಿದಳು, ಹ್ಯಾಂಡ್‌ಬ್ರೇಕ್ ಎಳೆದಳು, ನೆಲದ ಮೇಲೇ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಒತ್ತು ಕೊಟ್ಟಳು. ಪ್ಯಾಡಿನ ಕಾಲುವೆಯೊಳಗೆ ತಗಡಿನ ಅಂಚು ಕೂತದ್ದನ್ನು ಮಾವನಿಗೆ ತೋರಿಸಿದಳು. ಜಾಕು ಎತ್ತಿದಳು. ಮುದುಕಿ ಕಿರುಗುಟ್ಟಿ ಮೇಲೆದ್ದಳು. ಎರಡು ಸ್ಟ್ಯಾಂಡುಗಳನ್ನೂ ಒಂದೇ ಎತ್ತರಕ್ಕೆ ಹೊಂದಿಸಿ, ಪಿನ್ನು ತೂರಿಸಿ, ಚೌಕಟ್ಟಿನ ಅಡಿಗೆ ಸರಿಸಿ, ಜಾಕನ್ನು ಮೆಲ್ಲಗೆ ಇಳಿಸಿದಳು. ಗಾಡಿಯ ಭಾರ ಸ್ಟ್ಯಾಂಡುಗಳ ಮೇಲೆ ಕುಳಿತಿತು.

"ಈಗ ತಳ್ಳಿ ನೋಡಬೇಕು ಮಾವ" ಎಂದಳು.

ಅವನು ಎದ್ದು ಬಂದು ಕಾರಿನ ಪಕ್ಕಕ್ಕೆ ಎರಡೂ ಅಂಗೈ ಊರಿ ತಳ್ಳಿದ. ಅಲ್ಲಾಡಲಿಲ್ಲ. ಹೆಗಲು ಕೊಟ್ಟು ತಳ್ಳಿದ. ಅಲ್ಲಾಡಲಿಲ್ಲ. ಕಾಲು ಹಿಂದಕ್ಕೆ ಊರಿ, ಹಲ್ಲು ಕಚ್ಚಿ, ಮೈಯಲ್ಲಿ ಉಳಿದಿದ್ದ ಬಲವನ್ನೆಲ್ಲ ಹಾಕಿ ನೂಕಿದ. ಅಂಗೈಯ ರಕ್ತ ಬಾಗಿಲಿನ ತಗಡಿಗೆ ಮೆತ್ತಿತು. ಅದು ಜಾರಿಬಿಡಲಿ ಎಂದು ಅವನ ಮನಸ್ಸಿನ ಒಂದು ಮೂಲೆ ಬೇಡುತ್ತಿತ್ತು. ಜಾರಿದರೆ, ಯಾವುದೂ ಹಿಡಿಯುವುದಿಲ್ಲ, ಏನಿಟ್ಟಿದ್ದರೂ ಹೋಗುವ ಜೀವ ಹೋಗುತ್ತಿತ್ತು ಎಂದುಕೊಳ್ಳಬಹುದಿತ್ತು. ಎರಡು ಕುರೂಪ ಕಬ್ಬಿಣದ ಕಾಲುಗಳು ಅಲುಗದೆ ನಿಂತವು. ಇಷ್ಟೇ ಸಾಕಾಗಿತ್ತು. ಒಂದು ಬೆಳಗಿನ ಬಸ್ಸು, ಒಂದು ಅಂಗಡಿ, ಇಷ್ಟೇ.

"ಸಾಕು ಮಾವ. ಹಿಡಿದಿದೆ" ಎಂದಳು ಸೊಸೆ. ಅವನು ಬಿಡಲಿಲ್ಲ. ಅವಳು ಬಂದು ಅವನ ತೋಳು ಹಿಡಿದು, ಮಗುವನ್ನು ಬಿಡಿಸುವಂತೆ ಬಿಡಿಸಿ, ಕೆಳಗಿದ್ದ ಟೈರಿನ ಮೇಲೆ ಕೂರಿಸಿದಳು.

ಆಮೇಲೆ ಅವಳು ನೆಲದ ಮೇಲೆ ಮಲಗಿ, ಬೆನ್ನಿನ ಮೇಲೆ ಜರುಗುತ್ತ ಕಾರಿನ ಕೆಳಗೆ ಹೋದಳು. ತಲೆ ಹೋಯಿತು, ಎದೆ ಹೋಯಿತು, ಸೊಂಟ ಹೋಯಿತು. ಹೊರಗೆ ಪಾದಗಳು ಮಾತ್ರ ಉಳಿದವು. ಅವತ್ತು ಅವನು ಓಡಿ ಬಂದಾಗ ಕಂಡದ್ದೂ ಅಷ್ಟೇ. ಮುದುಕ ಆ ಪಾದಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಹಿಮ್ಮಡಿ ಸ್ವಲ್ಪ ಅಲುಗಿದರೆ ಉಸಿರು ಬಿಡುತ್ತಿದ್ದ, ನಿಂತರೆ ಹಿಡಿಯುತ್ತಿದ್ದ. ಪ್ರಾರ್ಥಿಸಲು ಬಾಯಿ ತೆರೆದ. ಬಾಯಲ್ಲಿ ಮಾತು ಸಿಗಲಿಲ್ಲ.

ಒಳಗೆ ಕಬ್ಬಿಣ ಕಬ್ಬಿಣವನ್ನು ಕೆರೆಯಿತು. ತುಕ್ಕು ಹಿಡಿದ ಬೋಲ್ಟು ಬಿಡುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಗ್ರೀಸು ಮೆತ್ತಿದ ಒಂದು ಕೈ ಹೊರಗೆ ಬಂದು, ಅಂಗೈ ಮೇಲಾಗಿ ನೆಲದ ಮೇಲೆ ಕಾದಿತು.

"ಮಾವ, ಹದಿಮೂರರ ಸ್ಪ್ಯಾನರು."

ಅವನು ಹುಡುಕಿದ. ಬಟ್ಟೆಯ ಮೇಲೆ ಮಗ ಜೋಡಿಸಿಟ್ಟ ಕ್ರಮದಲ್ಲೇ ಸ್ಪ್ಯಾನರುಗಳಿದ್ದವು. ಬೇಕಾದ್ದನ್ನು ಎತ್ತಿಕೊಂಡ. ಅದರ ಹಿಡಿಯ ಮೇಲೆ ಎಣ್ಣೆಯಿತ್ತು. ತನ್ನ ಅಂಗಿಯ ತುದಿಯಿಂದ ಒರೆಸಿದ, ಮತ್ತೆ ಒರೆಸಿದ, ಬೆರಳಿಗೆ ಒರಟಾಗಿ ತಾಗುವವರೆಗೂ ಒರೆಸಿ ಆ ಕೈಯ ಮೇಲಿಟ್ಟ. ಕೈ ಅದನ್ನು ಹಿಡಿದು ಒಳಗೆ ಹೋಯಿತು. ಮುದುಕ ಪಾದಗಳನ್ನು ನೋಡುತ್ತ ಕುಳಿತ.